ಶುಯಿನಾರ್ಡ್ ಇಕ್ವಿಪ್‌ಮೆಂಟ್: ಮುಳುಗಿದ ಕಂಪನಿಯೇ, ಮರುಹುಟ್ಟು ಪಡೆದ ಕಂಪನಿಯೇ?

ಗಿರಿಸಂಚಾರಿ (ಪ್ರಶ್ನೆ):

ನಮ್ಮ ಶಿಲಾರೋಹಣ ತಂಡದ ಹಿರಿಯರೊಬ್ಬರ ಬಳಿ ಹಳೆಯ ಕ್ಯಾರಬಿನರ್ (ಹಗ್ಗ ಹಾಯಿಸುವ ಲೋಹದ ಕೊಂಡಿ) ಒಂದಿದೆ. ವಜ್ರದ ಆಕಾರದೊಳಗೆ ಇಂಗ್ಲಿಷಿನ ‘ಸಿ’ ಅಕ್ಷರವನ್ನು ಅದರ ಮೇಲೆ ಒತ್ತಲಾಗಿದೆ. ಅದು ಅಮೆರಿಕದ ಶುಯಿನಾರ್ಡ್ ಇಕ್ವಿಪ್‌ಮೆಂಟ್ ಕಂಪನಿಯ ಗುರುತೆಂದೂ, ರಾಮನಗರದ ಬಂಡೆಗಳಲ್ಲಿ ನಾವು ಇಂದು ಬಳಸುವ ಬ್ಲ್ಯಾಕ್ ಡೈಮಂಡ್ ಸಲಕರಣೆಗಳು ಅದರ ಮುಂದುವರಿಕೆಯೆಂದೂ, ಪ್ಯಾಟಗೋನಿಯಾ ಎಂಬ ಉಡುಪಿನ ಕಂಪನಿಯೂ ಅದೇ ಮೂಲದಿಂದ ಬಂದದ್ದೆಂದೂ ಅವರು ಹೇಳಿದರು. ತನ್ನ ಆದಾಯದ ಬಹುಪಾಲನ್ನು ತರುತ್ತಿದ್ದ ಪಿಟನ್ ಎಂಬ ಸರಕನ್ನು ಈ ಕಂಪನಿ 1972ರಲ್ಲಿ ತಾನಾಗಿಯೇ ಬದಿಗೆ ಸರಿಸಿತು ಎಂದೂ ಅವರು ಸೇರಿಸಿದರು. ಬಾದಾಮಿಯ ಮರಳುಗಲ್ಲಿನ ಗೋಡೆಗಳಲ್ಲಿ ಮೊದಲೇ ಕೊರೆದು ಕೂರಿಸಿದ ಬೋಲ್ಟುಗಳನ್ನು ನೆಚ್ಚಿ ಏರುವ ನಮ್ಮಂಥವರಿಗೆ ಪಿಟನ್ ಎಂದರೆ ಚಿತ್ರದಲ್ಲಿ ಮಾತ್ರ ಕಂಡ ವಸ್ತು.

ನನಗೆ ಅರ್ಥವಾಗದಿರುವುದು ಇಷ್ಟು. ಚೆನ್ನಾಗಿ ಮಾರಾಟವಾಗುತ್ತಿದ್ದ ಪದಾರ್ಥವನ್ನು ಒಂದು ಸಣ್ಣ ಕಾರ್ಖಾನೆ ಏಕೆ ಬಿಟ್ಟುಕೊಟ್ಟಿತು? ಬಿಟ್ಟ ಮೇಲೂ ಬದುಕುಳಿಯಿತೆಂದಾದರೆ 1989ರಲ್ಲಿ ದಿವಾಳಿ ಅರ್ಜಿ ಹಾಕುವ ಸ್ಥಿತಿ ಏಕೆ ಬಂತು? ಈ ಕಥೆಯನ್ನು ಆದರ್ಶದ ಕಥೆಯಾಗಿ ಹೇಳುವವರು ಬಹಳ ಮಂದಿ ಇದ್ದಾರೆ. ಕಬ್ಬಿಣದ ಕೆಲಸ ಮತ್ತು ಹಣಕಾಸಿನ ದೃಷ್ಟಿಯಿಂದ ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಕುಲುಮೆಯ ಕಿಡಿ:

ಗಿರಿಸಂಚಾರಿಯವರೇ, ಕಬ್ಬಿಣದ ಕಡೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಯ ಉತ್ತರ ಪಿಟನ್ನಿನ ಉಕ್ಕಿನಲ್ಲೇ ಇದೆ.

ಪಿಟನ್ ಎಂದರೆ ಬಂಡೆಯ ಸೀಳಿನೊಳಗೆ ಸುತ್ತಿಗೆಯಿಂದ ಹೊಡೆದು ಕೂರಿಸುವ, ತಲೆಯಲ್ಲಿ ತೂತಿರುವ ಮೊಳೆ. ಆ ತೂತಿಗೆ ಕ್ಯಾರಬಿನರ್ ಸಿಕ್ಕಿಸಿ ಹಗ್ಗ ಹಾಯಿಸುತ್ತಾರೆ. 1950ರ ದಶಕದಲ್ಲಿ ಅಮೆರಿಕದವರು ಬಳಸುತ್ತಿದ್ದ ಯುರೋಪಿನ ಪಿಟನ್‌ಗಳು ಮೆದು ಕಬ್ಬಿಣದವು. ಅವು ಸೀಳಿನ ಅಂಕುಡೊಂಕಿಗೆ ತಕ್ಕಂತೆ ಬಾಗಿ ಒಳಗೆ ಕಚ್ಚಿಕೊಳ್ಳುತ್ತಿದ್ದವು. ಹೊರಗೆ ತೆಗೆಯಲು ಹೋದರೆ ತಲೆ ಮುರಿಯುತ್ತಿತ್ತು. ಹಾಗಾಗಿ ಒಮ್ಮೆ ಹೊಡೆದದ್ದನ್ನು ಅಲ್ಲೇ ಬಿಟ್ಟು ಬರುವುದು ರೂಢಿ. ಆಲ್ಪ್ಸ್ ಪರ್ವತಗಳಲ್ಲಿ ಇದು ನಡೆಯುತ್ತಿತ್ತು. ಆದರೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಗ್ರಾನೈಟ್ ಗೋಡೆಗಳನ್ನು ಏರಲು ಹಲವು ದಿನಗಳು ಬೇಕು, ನೂರಾರು ಕಡೆ ಪಿಟನ್ ಹೊಡೆಯಬೇಕು, ಅಷ್ಟನ್ನೂ ಹೊತ್ತೊಯ್ದು ಅಲ್ಲೇ ಬಿಟ್ಟು ಬರುವುದು ಸಾಧ್ಯವಿಲ್ಲದ ಮಾತು. ಸ್ವಿಟ್ಜರ್ಲೆಂಡಿನಿಂದ ಬಂದ ಕಮ್ಮಾರ ಹಾಗೂ ಆರೋಹಿ ಜಾನ್ ಸಲಾಥೆ ಎಂಬವರು ಹಳೆಯ ಫೋರ್ಡ್ ಕಾರಿನ ಆಕ್ಸಲ್ ಉಕ್ಕಿನಿಂದ ಗಟ್ಟಿ ಪಿಟನ್ ತಯಾರಿಸಿ ದಾರಿ ತೋರಿಸಿದ್ದರು.

1957ರಲ್ಲಿ, ಇನ್ನೂ ಇಪ್ಪತ್ತು ತುಂಬದ, ಮುಂದೆ ಈ ಕಂಪನಿಯನ್ನು ಕಟ್ಟಿದ ಆರೋಹಿ ಇವಾನ್ ಶುಯಿನಾರ್ಡ್ ಗುಜರಿಯಿಂದ ಕಲ್ಲಿದ್ದಲಿನ ಕುಲುಮೆ, 138 ಪೌಂಡ್ ತೂಕದ ಅಡೆಗಲ್ಲು, ಇಕ್ಕಳ ಮತ್ತು ಸುತ್ತಿಗೆಗಳನ್ನು ಕೊಂಡು ತಂದು ತಾನೇ ಕಮ್ಮಾರಿಕೆ ಕಲಿತರು. ಹಳೆಯ ಕಟಾವು ಯಂತ್ರದ ಅಲಗನ್ನು ಬಡಿದು ಮೊದಲ ಪಿಟನ್‌ಗಳನ್ನು ಮಾಡಿ, ಯೊಸೆಮಿಟಿಯ ಗೋಡೆಗಳಲ್ಲೇ ಅವುಗಳನ್ನು ಪರೀಕ್ಷಿಸಿದರು. ಮುಂದೆ ಕ್ರೋಮ್ ಮಾಲಿಬ್ಡಿನಮ್ ಉಕ್ಕಿಗೆ ಬದಲಾಯಿಸಿದರು. ಗಂಟೆಗೆ ಎರಡು ಪಿಟನ್ ಬಡಿಯುತ್ತಿದ್ದರು, ಒಂದಕ್ಕೆ ಒಂದೂವರೆ ಡಾಲರ್ ಬೆಲೆ. ಯುರೋಪಿನದು ಇಪ್ಪತ್ತು ಸೆಂಟಿಗೆ ಸಿಗುತ್ತಿದ್ದ ಕಾಲದಲ್ಲಿ ಜನ ಇದನ್ನು ಕೊಂಡದ್ದು ಒಂದೇ ಕಾರಣಕ್ಕೆ: ಇದನ್ನು ಹೊಡೆದು ಕೂರಿಸಿ, ಅತ್ತಿತ್ತ ಬಡಿದು ಸಡಿಲಿಸಿ, ಹೊರತೆಗೆದು ಮತ್ತೆ ಮತ್ತೆ ಬಳಸಬಹುದಿತ್ತು. ಬರ್ಬ್ಯಾಂಕಿನ ತಂದೆತಾಯಿಯರ ಮನೆಯ ಹಿತ್ತಲೇ ಕಾರ್ಖಾನೆ, ಕಾರಿನ ಡಿಕ್ಕಿಯೇ ಅಂಗಡಿ. ಕ್ಯಾರಬಿನರಿನ ಅಚ್ಚು ಮಾಡಿಸಲು 825 ಡಾಲರಿನಷ್ಟು ಹಣವನ್ನು ಅವರು ತಂದೆತಾಯಿಯಿಂದಲೇ ಸಾಲ ಪಡೆದರು.

1965ರಲ್ಲಿ ವಿಮಾನ ತಂತ್ರಜ್ಞಾನ ಬಲ್ಲ ಎಂಜಿನಿಯರ್ ಟಾಮ್ ಫ್ರಾಸ್ಟ್ ಪಾಲುದಾರರಾಗಿ ಸೇರಿದರು. ಇಬ್ಬರೂ ಸ್ವತಃ ಗೋಡೆ ಏರುವವರು. ಉಪಕರಣದ ಭಾರವನ್ನು ತಾವೇ ಹೊರಬೇಕಿದ್ದುದರಿಂದ ಬೇಡದ ಪ್ರತಿ ಗ್ರಾಮನ್ನೂ ತೆಗೆದುಹಾಕುವುದು ಅವರ ವಿನ್ಯಾಸದ ಮೂಲಮಂತ್ರವಾಯಿತು. 1970ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ವೆಂಚುರಾದ ತಗಡಿನ ಶೆಡ್ಡಿನಲ್ಲಿದ್ದ ಈ ಕಂಪನಿ ಅಮೆರಿಕದಲ್ಲೇ ಆರೋಹಣ ಸಲಕರಣೆಗಳ ಅತಿ ದೊಡ್ಡ ಪೂರೈಕೆದಾರನಾಗಿತ್ತು, ವಹಿವಾಟಿನ ಸುಮಾರು 70 ಶೇಕಡ ಪಿಟನ್‌ಗಳದ್ದೇ ಆಗಿತ್ತು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಗುಣದಿಂದ ಈ ಪಿಟನ್ ಗೆದ್ದಿತೋ ಬಂಡೆಯನ್ನು ಕೆಡಿಸಿದ್ದೂ ಅದೇ ಗುಣ. ಮೆದು ಕಬ್ಬಿಣವನ್ನು ಬಿಟ್ಟು ಬರುತ್ತಿದ್ದಾಗ ಸೀಳಿಗೆ ಪೆಟ್ಟು ಬೀಳುತ್ತಿದ್ದುದು ಒಮ್ಮೆ ಮಾತ್ರ. ಗಟ್ಟಿ ಉಕ್ಕಾದರೋ, ಪ್ರತಿ ತಂಡವೂ ಹೊಡೆಯುವಾಗ ಒಂದು ಸಲ, ತೆಗೆಯುವಾಗ ಎಡಕ್ಕೂ ಬಲಕ್ಕೂ ಹಲವು ಸಲ ಗ್ರಾನೈಟಿನ ಅಂಚನ್ನು ಜಜ್ಜುತ್ತಿತ್ತು. ಬೆರಳ ತುದಿಯೂ ಹೋಗದಿದ್ದ ಬಿರುಕುಗಳು ಕೆಲವೇ ವರ್ಷಗಳಲ್ಲಿ ಬೆರಳು ತೂರುವಷ್ಟು ಅಗಲವಾದ ಗುಳಿಗಳಾದವು. ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ಮಾರ್ಗ ಹೀಗೆ ಹಾಳಾದದ್ದನ್ನು ಕಂಡ ಶುಯಿನಾರ್ಡ್ ಮತ್ತು ಫ್ರಾಸ್ಟ್ ಪಿಟನ್ ವ್ಯಾಪಾರವನ್ನು ಕ್ರಮೇಣ ಕಡಿಮೆ ಮಾಡುವ ನಿರ್ಧಾರಕ್ಕೆ ಬಂದರು.

ಬದಲಿ ವಸ್ತು ಇಂಗ್ಲೆಂಡಿನಲ್ಲಿ ಆಗಲೇ ಬಳಕೆಯಲ್ಲಿತ್ತು. ಅಲ್ಲಿನ ಆರೋಹಿಗಳು ಸೀಳಿನಲ್ಲಿ ಬೆಣಚುಕಲ್ಲು ಸಿಕ್ಕಿಸಿ ಅದಕ್ಕೆ ಹಗ್ಗದ ಕುಣಿಕೆ ಹಾಕುತ್ತಿದ್ದರು, ಅನಂತರ ಯಂತ್ರದ ನಟ್ಟುಗಳನ್ನೇ ದಾರಕ್ಕೆ ಪೋಣಿಸಿ ಬಳಸಿದರು. ಅಮೆರಿಕದ ಆರೋಹಿ ರಾಯಲ್ ರಾಬಿನ್ಸ್ ಅಲ್ಲಿ ಇದನ್ನು ಕಲಿತು ಬಂದು 1967ರಲ್ಲಿ ಪತ್ನಿ ಲಿಜ್ ಜೊತೆ ಯೊಸೆಮಿಟಿಯಲ್ಲಿ ಸುತ್ತಿಗೆಯಿಲ್ಲದೆ ಹೊಸ ಮಾರ್ಗವೊಂದನ್ನು ಏರಿ ತೋರಿಸಿದ್ದರು. ಶುಯಿನಾರ್ಡ್ ಮತ್ತು ಫ್ರಾಸ್ಟ್ ಇದನ್ನು ಅಲ್ಯೂಮಿನಿಯಮ್ ಚಾಕ್‌ಗಳಾಗಿ, ಅಂದರೆ ಸೀಳಿನಲ್ಲಿ ಕೈಯಿಂದಲೇ ಸಿಕ್ಕಿಸುವ ಬೆಣೆಗಳಾಗಿ ಪರಿಷ್ಕರಿಸಿದರು. ‘ಸ್ಟಾಪರ್’ ಎಂಬುದು ಮೇಲೆ ಅಗಲ, ಕೆಳಗೆ ಕಿರಿದು. ಕೆಳಕ್ಕೆ ಕಿರಿದಾಗುವ ಸೀಳಿನಲ್ಲಿ ಕೈಯಿಂದಲೇ ಇಳಿಬಿಟ್ಟರೆ, ಬಾಗಿಲಿನ ಕೆಳಗೆ ಬೆಣೆ ಕೊಟ್ಟ ಹಾಗೆ ಜಗ್ಗಿದಷ್ಟೂ ಬಿಗಿಯಾಗುತ್ತದೆ. ‘ಹೆಕ್ಸೆಂಟ್ರಿಕ್’ ಇನ್ನೂ ಜಾಣತನದ್ದು: ಆರು ಮಗ್ಗುಲುಗಳೂ ಸಮವಿಲ್ಲದ ಕಾರಣ ಒಂದೇ ತುಂಡನ್ನು ತಿರುಗಿಸಿ ಬೇರೆ ಬೇರೆ ಅಗಲದ ಸೀಳಿಗೆ ಹೊಂದಿಸಬಹುದು, ಭಾರ ಬಿದ್ದಾಗ ಅದು ತುಸು ಹೊರಳಿ ಎರಡೂ ಗೋಡೆಗಳನ್ನು ಕಚ್ಚುತ್ತದೆ.

1972ರ ಅವರ ಬೆಲೆಪಟ್ಟಿ ಪುಸ್ತಿಕೆಯಲ್ಲಿ ಪಿಟನ್‌ನಿಂದಾಗುವ ಹಾನಿಯನ್ನು ಮಾಲೀಕರೇ ಬರೆದರು. ಜೊತೆಗೆ ಆರೋಹಿ ಡಗ್ ರಾಬಿನ್‌ಸನ್ ಚಾಕ್‌ಗಳನ್ನು ಬಳಸುವ ಕ್ರಮದ ಬಗ್ಗೆ 14 ಪುಟಗಳ ಲೇಖನ ಬರೆದರು. ವಾಸ್ತವವಾಗಿ ಅದು ಬಳಕೆದಾರರಿಗೆ ಪಾಠ. ಕೆಲವೇ ತಿಂಗಳುಗಳಲ್ಲಿ ಪಿಟನ್ ವ್ಯಾಪಾರ ಸೊರಗಿತು, ಚಾಕ್‌ಗಳು ತಯಾರಾಗುವುದಕ್ಕಿಂತ ವೇಗವಾಗಿ ಖರ್ಚಾದವು. ಮರುವರ್ಷ ರಾಬಿನ್‌ಸನ್, ಗೇಲನ್ ರೊವೆಲ್ ಮತ್ತು ಡೆನಿಸ್ ಹೆನೆಕ್ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ವಾಯವ್ಯ ಮುಖವನ್ನು ಪಿಟನ್ ಹೊಡೆಯದೆ ಏರಿದರು. ಆ ಆರೋಹಣ 1974ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದ ಮೇಲೆ ವಾದವೇ ಮುಗಿಯಿತೆನ್ನಬೇಕು.

ಖಾತೆಕಿರ್ದಿ:

ಕಿಡಿಯವರ ವಿವರಣೆ ಸೊಗಸಾಗಿದೆ. ಆದರೆ 1972ನ್ನೇ ಈ ಕಂಪನಿಯ ಮುಖ್ಯ ತಿರುವು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪಿಟನ್ ಹೋಗಿ ಚಾಕ್ ಬಂದಾಗ ಬದಲಾದದ್ದು ಸರಕು, ಕಸುಬಲ್ಲ. ಲೋಹವನ್ನು ರೂಪಿಸಿ ಅದೇ ಆರೋಹಿಗಳಿಗೆ ಮಾರುವುದು ಹಾಗೆಯೇ ಉಳಿಯಿತು. ಲಾಭದ ಪಟ್ಟಿಯೂ ಹಾಗೆಯೇ ಉಳಿಯಿತು, ಅಂದರೆ ಹೆಚ್ಚುಕಡಿಮೆ ಖಾಲಿ.

ದೇಶದ ಆರೋಹಣ ಸಲಕರಣೆಗಳ ಮಾರುಕಟ್ಟೆಯ ಸುಮಾರು ಮುಕ್ಕಾಲು ಪಾಲು ಕೈಯಲ್ಲಿದ್ದಾಗಲೂ ವರ್ಷಾಂತ್ಯದಲ್ಲಿ ಈ ಕಂಪನಿಗೆ ಉಳಿಯುತ್ತಿದ್ದ ಲಾಭ ಒಂದು ಶೇಕಡದ ಆಸುಪಾಸು. ಮೂರರಿಂದ ಐದು ವರ್ಷ ಬಳಸಿ ವೆಚ್ಚ ತೀರಿಸಿಕೊಳ್ಳಬೇಕಾದ ಅಚ್ಚುಗಳನ್ನು, ಉತ್ತಮ ವಿನ್ಯಾಸ ಹೊಳೆಯಿತೆಂದು ವರ್ಷದೊಳಗೆ ಗುಜರಿಗೆ ಹಾಕುವವರಿಗೆ ಇದಕ್ಕಿಂತ ಹೆಚ್ಚು ಉಳಿಯುವುದೂ ಕಷ್ಟ. ಕುಶಲಕರ್ಮಿಗಳ ಅಂಗಡಿಗಳನ್ನು ಹತ್ತಿರದಿಂದ ಬಲ್ಲವರಿಗೆ ಈ ರೋಗದ ಪರಿಚಯ ಇದ್ದೇ ಇರುತ್ತದೆ. ಕೊಳ್ಳುವವರೂ ಕಡಿಮೆ, ಕೊಂಡ ವಸ್ತುವೂ ಬಹುಕಾಲ ಬಾಳುತ್ತದೆ.

ನಿಜವಾದ ತಿರುವು ಒಂದು ಅಂಗಿಯಿಂದ ಬಂತು. 1970ರ ಚಳಿಗಾಲದಲ್ಲಿ ಸ್ಕಾಟ್ಲೆಂಡಿಗೆ ಆರೋಹಣಕ್ಕೆ ಹೋಗಿದ್ದ ಶುಯಿನಾರ್ಡ್ ಅಲ್ಲಿ ರಗ್ಬಿ ಆಟಗಾರರ ಅಂಗಿಯೊಂದನ್ನು ಕೊಂಡರು. ನೀಲಿ ಬಣ್ಣ, ಎದೆಯ ಮೇಲೆ ಕೆಂಪು ಮತ್ತು ಹಳದಿ ಪಟ್ಟಿಗಳು. ಆಟದ ಎಳೆದಾಟಕ್ಕೆ ತಡೆಯಲೆಂದು ಹೊಲಿದ ದಪ್ಪ ಬಟ್ಟೆ ಬಂಡೆಗೆ ಉಜ್ಜಿದರೂ ತಡೆಯುತ್ತಿತ್ತು. ಗಟ್ಟಿ ಕಾಲರು ಇದ್ದುದರಿಂದ ಹೆಗಲಿಗೆ ಹಾಕಿಕೊಂಡ ಸಲಕರಣೆಗಳ ಪಟ್ಟಿ ಕತ್ತನ್ನು ಕೊಯ್ಯುತ್ತಿರಲಿಲ್ಲ. ಊರಿಗೆ ಮರಳಿದ ಮೇಲೆ ಗೆಳೆಯರೆಲ್ಲ ಅದು ಎಲ್ಲಿ ಸಿಗುತ್ತದೆಂದು ಕೇಳಿದರು. ಇಂಗ್ಲೆಂಡಿನ ಅಂಬ್ರೋ ಕಂಪನಿಯಿಂದ ತರಿಸಿದ ಅಂಗಿಗಳು ಬಂದಷ್ಟು ವೇಗದಲ್ಲಿ ಮುಗಿದವು. ಬಟ್ಟೆ ಆಗ ಕಬ್ಬಿಣದ ಕೆಲಸವನ್ನು ಸಾಕುವ ಉಪಕಸುಬು ಮಾತ್ರವಾಗಿತ್ತು. ಉಪಕರಣ ತಯಾರಕನೆಂಬ ಹೆಸರು ಬಟ್ಟೆಯೊಂದಿಗೆ ಬೆರೆತು ತೆಳುವಾಗಬಾರದೆಂದು 1973ರಲ್ಲಿ ಉಡುಪಿಗೆ ಪ್ಯಾಟಗೋನಿಯಾ ಎಂಬ ಪ್ರತ್ಯೇಕ ಹೆಸರಿಟ್ಟರು. ಹೆಸರು ಬೇರೆ ಮಾಡಿದ್ದು ಎಷ್ಟು ದೂರದೃಷ್ಟಿಯ ಕೆಲಸವೆಂಬುದು ಮುಂದೆ ತಿಳಿಯುತ್ತದೆ.

ಬಟ್ಟೆಯ ದಾರಿಯೂ ಸಲೀಸಾಗಿರಲಿಲ್ಲ. ಹಾಂಗ್‌ಕಾಂಗಿನ ಫ್ಯಾಷನ್ ಕಾರ್ಖಾನೆಯೊಂದಕ್ಕೆ ಕೊಟ್ಟ ರಗ್ಬಿ ಅಂಗಿಗಳ ದೊಡ್ಡ ಗುತ್ತಿಗೆ ತಡವಾಗಿ ಬಂತು. ಒಗೆದರೆ ಕುಗ್ಗುವ, ಬಾಳಿಕೆಯಿಲ್ಲದ ಆ ಮಾಲನ್ನು ಅಸಲಿಗಿಂತ ಕಡಿಮೆ ಬೆಲೆಗೆ ಮಾರಬೇಕಾಯಿತು. ಕಂಪನಿ ಮುಳುಗುವ ಹಂತಕ್ಕೆ ಹೋಗಿ ಬಂತು. ಅನಂತರ ಬಂದ ಸಿಂಥೆಟಿಕ್ ಪೈಲ್ (ತುಪ್ಪಟದಂಥ ಕೃತಕ ಬಟ್ಟೆ) ಜಾಕೆಟ್ಟುಗಳು, ಅದಕ್ಕೆ ಜೊತೆಯಾಗಿ ಬೆವರನ್ನು ಹಿಡಿದಿಡದ ಒಳಉಡುಪುಗಳು ವ್ಯಾಪಾರವನ್ನು ಗಟ್ಟಿ ಮಾಡಿದವು. ಅಂದರೆ ಕುಲುಮೆಯಲ್ಲಿ ದುಡಿಯಲಾಗದ ಹಣವನ್ನು ಹೊಲಿಗೆ ದುಡಿಯಿತು. ಮರುಹುಟ್ಟು ಎಂದು ಕರೆಯಬೇಕಾದದ್ದು ಇದನ್ನು.

ವಕಾಲತ್ತು:

ವಿಮೆಯ ವ್ಯವಹಾರ ನನ್ನ ವೃತ್ತಿಯ ಭಾಗವಾದ ಕಾರಣ 1989ರ ಬಗ್ಗೆ ಮಾತ್ರ ಬರೆಯುತ್ತೇನೆ.

ಶುಯಿನಾರ್ಡ್ ಇಕ್ವಿಪ್‌ಮೆಂಟ್ ದಿವಾಳಿ ಅರ್ಜಿ ಹಾಕಿದ್ದು ಸರಕು ಕೆಟ್ಟದ್ದೆಂದಾಗಲೀ ಬೇಡಿಕೆ ಇಲ್ಲವೆಂದಾಗಲೀ ಅಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಅದರ ಮೇಲೆ ಸಾಲುಸಾಲಾಗಿ ಪರಿಹಾರದ ಮೊಕದ್ದಮೆಗಳು ಬಿದ್ದವು. ಅವುಗಳಲ್ಲಿ ಹಲವನ್ನು ಹೂಡಿದವರು ಆರೋಹಿಗಳೇ ಅಲ್ಲ ಎಂಬುದನ್ನು ಗಮನಿಸಬೇಕು: ಎತ್ತರದ ಕಟ್ಟಡದ ಕಿಟಕಿ ಒರೆಸುವವನೊಬ್ಬ, ಕೊಳಾಯಿ ಕೆಲಸದವನೊಬ್ಬ, ರಂಗಭೂಮಿಯ ಹಿನ್ನೆಲೆ ಕೆಲಸಗಾರನೊಬ್ಬ, ಮತ್ತು ಆರೋಹಣದ ಹಗ್ಗ ಹಿಡಿದು ಹಗ್ಗಜಗ್ಗಾಟವಾಡಿ ಪಾದದ ಗಂಟು ಮುರಿದುಕೊಂಡವನೊಬ್ಬ. ಉಪಕರಣದಲ್ಲಿ ದೋಷವಿತ್ತೆಂಬುದು ದೂರಲ್ಲ. ಹೀಗೆ ಬಳಸಿದರೆ ಅಪಾಯವೆಂದು ಕಂಪನಿ ಸಾಕಷ್ಟು ಎಚ್ಚರಿಸಲಿಲ್ಲವೆಂಬುದು ದೂರು. ಬಳಿಕ ಹಾರ್ನೆಸ್ಸನ್ನು (ಹಗ್ಗ ಸಿಕ್ಕಿಸಲು ಮೈಗೆ ಕಟ್ಟಿಕೊಳ್ಳುವ ಪಟ್ಟಿ) ಸರಿಯಾಗಿ ಕಟ್ಟಿಕೊಳ್ಳದೆ ಬಿದ್ದು ಸತ್ತ ವ್ಯಕ್ತಿಯೊಬ್ಬರ ಕಡೆಯಿಂದ ಇನ್ನೂ ಗಂಭೀರವಾದ ಮೊಕದ್ದಮೆ ಬಂತು. ವಿಮಾ ಸಂಸ್ಥೆಗಳು ವಾದಿಸಿ ಗೆಲ್ಲುವುದಕ್ಕಿಂತ ರಾಜಿಗೆ ಒಲಿದವು, ಒಂದೇ ವರ್ಷದಲ್ಲಿ ವಿಮೆಯ ಕಂತು 2000 ಶೇಕಡ ಏರಿತು. ಖಾತೆಕಿರ್ದಿಯವರು ಹೇಳಿದ ಒಂದು ಶೇಕಡ ಲಾಭದ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಅಮೆರಿಕದ ದಿವಾಳಿ ಕಾನೂನಿನ ಹನ್ನೊಂದನೆಯ ಅಧ್ಯಾಯದಡಿ ಅರ್ಜಿ ಹಾಕಿದರೆ ಕಂಪನಿ ಆ ದಿನವೇ ಬಾಗಿಲು ಹಾಕಬೇಕಾಗಿಲ್ಲ, ಸಾಲ ಕೊಟ್ಟವರ ಒತ್ತಡಕ್ಕೆ ತಾತ್ಕಾಲಿಕ ತಡೆ ಸಿಗುತ್ತದೆ. ಆ ಬಿಡುವಿನಲ್ಲಿ, ಕಂಪನಿಯ ಮೇಲ್ವಿಚಾರಕರಾಗಿದ್ದ ಪರ್ವತಾರೋಹಿ ಪೀಟರ್ ಮೆಟ್‌ಕಾಫ್ ಮತ್ತು ನೌಕರರು ಹಣ ಕೂಡಿಸಿ ಆಸ್ತಿಗಳನ್ನು ಕೊಂಡರು. 1989ರ ಡಿಸೆಂಬರಿನಲ್ಲಿ ಬ್ಲ್ಯಾಕ್ ಡೈಮಂಡ್ ಹುಟ್ಟಿತು. ವಜ್ರದ ಗುರುತು ಹೆಸರಿನಲ್ಲೇ ಉಳಿಯಿತು, ಶುಯಿನಾರ್ಡ್ ಎಂಬ ಹೆಸರು ಹೋಯಿತು. 1991ರಲ್ಲಿ ಸಮುದ್ರತೀರದ ವೆಂಚುರಾವನ್ನು ಬಿಟ್ಟು ಯೂಟಾದ ಸಾಲ್ಟ್ ಲೇಕ್ ಸಿಟಿಗೆ, ಬಂಡೆಯೂ ಹಿಮವೂ ಹತ್ತಿರವಿರುವ ವಾಸಾಚ್ ಪರ್ವತಗಳ ಬುಡಕ್ಕೆ ಹೋದರು.

ಪ್ಯಾಟಗೋನಿಯಾಕ್ಕೆ ಇದರ ಬಿಸಿ ತಟ್ಟಲಿಲ್ಲ ಏಕೆಂದರೆ, ಆ ವೇಳೆಗೆ ಲಾಸ್ಟ್ ಆ್ಯರೋ ಎಂಬ ಮಾತೃಸಂಸ್ಥೆಯ ಅಡಿಯಲ್ಲಿ ಉಡುಪು ಮತ್ತು ಸಲಕರಣೆ ಎರಡೂ ಬೇರೆ ಬೇರೆ ಕಂಪನಿಗಳಾಗಿದ್ದವು. ಜೀವಾಪಾಯದ ಹೊಣೆ ಹೊರುವ ಸರಕನ್ನೂ ಲಾಭ ತರುವ ಸರಕನ್ನೂ ಒಂದೇ ಖಾತೆಯಲ್ಲಿಟ್ಟಿದ್ದರೆ ಎರಡೂ ಒಟ್ಟಿಗೆ ಹೋಗುತ್ತಿದ್ದವು.

ಗಿರಿಸಂಚಾರಿ:

ಮೂವರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ ಉಳಿದಿದೆ. ನೌಕರರು ಕೊಂಡ ಬ್ಲ್ಯಾಕ್ ಡೈಮಂಡ್ ಚಾಕ್‌ಗಳಿಂದಲೇ ಬದುಕಿತೇ? ಪ್ಯಾಟಗೋನಿಯಾ ಲಾಭದಲ್ಲಿತ್ತೆಂದರೆ ಅದು ಮತ್ತೆ ಬದಲಾಗುವ ಪ್ರಸಂಗ ಬರಲಿಲ್ಲವೇ?

ಖಾತೆಕಿರ್ದಿ:

ಪ್ಯಾಟಗೋನಿಯಾದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅತಿವೇಗವಾಗಿ ಬೆಳೆಯುತ್ತಿದ್ದ ಕಂಪನಿ 1991ರ ಆರ್ಥಿಕ ಹಿಂಜರಿತದಲ್ಲಿ ಮುಗ್ಗರಿಸಿತು. ಮಾರಾಟ ಏರುತ್ತಲೇ ಇರುತ್ತದೆಂದು ನಂಬಿ ಮಾಲು ತುಂಬಿಕೊಂಡಿದ್ದರು, ಬ್ಯಾಂಕು ಸಾಲದ ಮಿತಿಯನ್ನು ಇಳಿಸಿತು. ಜುಲೈ 31ರಂದು 120 ಮಂದಿಯನ್ನು, ಅಂದರೆ ಐದರಲ್ಲಿ ಒಂದು ಪಾಲು ನೌಕರರನ್ನು ಕೆಲಸದಿಂದ ತೆಗೆದರು. ಆದರ್ಶದ ಕಥೆ ಹೇಳುವವರು ಈ ದಿನವನ್ನು ಸಾಮಾನ್ಯವಾಗಿ ದಾಟಿಸಿಬಿಡುತ್ತಾರೆ. ಅನಂತರ ಕಂಪನಿ ಬೆಳವಣಿಗೆಯ ವೇಗವನ್ನು ತಾನೇ ತಗ್ಗಿಸಿತು, 1996ರ ಹೊತ್ತಿಗೆ ತನ್ನ ಹತ್ತಿ ಉಡುಪುಗಳನ್ನೆಲ್ಲ ಸಾವಯವ ಹತ್ತಿಗೆ ಬದಲಾಯಿಸಿತು. ಅಲ್ಲಿಯೂ 1972ರ ಕ್ರಮವೇ ಕಾಣುತ್ತದೆ: ತಮ್ಮ ಸರಕಿನ ಹಾನಿಯನ್ನು ತಾವೇ ಹೇಳಿ, ಬದಲಿಯನ್ನೂ ತಾವೇ ಮಾರುವುದು. ಇದು ಪ್ರಾಮಾಣಿಕತೆಯೇ ವ್ಯಾಪಾರದ ಜಾಣ್ಮೆಯೇ ಎಂದು ಕೇಳಿದರೆ ಎರಡೂ ಎನ್ನುತ್ತೇನೆ; ಲೆಕ್ಕ ನೋಡುವವನಿಗೆ ಅವೆರಡನ್ನು ಬಿಡಿಸಿ ನೋಡಬೇಕಾದ ಅಗತ್ಯ ಕಾಣುವುದಿಲ್ಲ.

ಒಡೆತನದ ವಿಷಯದಲ್ಲಿ ಎರಡೂ ಕಂಪನಿಗಳು ತದ್ವಿರುದ್ಧ ದಿಕ್ಕಿಗೆ ಹೋದವು. ಬ್ಲ್ಯಾಕ್ ಡೈಮಂಡನ್ನು 2010ರಲ್ಲಿ ಷೇರುಪೇಟೆಯಲ್ಲಿದ್ದ ಕ್ಲಾರಸ್ ಸಂಸ್ಥೆ 90 ದಶಲಕ್ಷ ಡಾಲರಿಗೆ ಕೊಂಡಿತು. ಪ್ಯಾಟಗೋನಿಯಾದ ಷೇರುಗಳನ್ನು ಶುಯಿನಾರ್ಡ್ ಕುಟುಂಬ 2022ರ ಸೆಪ್ಟೆಂಬರಿನಲ್ಲಿ ಬಿಟ್ಟುಕೊಟ್ಟಿತು. ಮತಾಧಿಕಾರವುಳ್ಳ 2 ಶೇಕಡ ಒಂದು ಟ್ರಸ್ಟಿಗೆ, ಮತಾಧಿಕಾರವಿಲ್ಲದ 98 ಶೇಕಡ ಪರಿಸರ ಕಾರ್ಯಕ್ಕೆ ಹಣ ಕೊಡುವ ಲಾಭರಹಿತ ಸಂಸ್ಥೆಗೆ ಹೋದವು.

ಕುಲುಮೆಯ ಕಿಡಿ:

ಚಾಕ್‌ಗಳ ಪ್ರಶ್ನೆಗೆ ಉತ್ತರಿಸುತ್ತೇನೆ. ಅವುಗಳ ಏಕಚಕ್ರಾಧಿಪತ್ಯ ಹೆಚ್ಚು ಕಾಲ ಬಾಳಲಿಲ್ಲ. ಚಾಕ್‌ಗೆ ಕಿರಿದಾಗುತ್ತ ಹೋಗುವ ಸೀಳು ಬೇಕು, ಎರಡೂ ಗೋಡೆಗಳು ಸಮಾಂತರವಾಗಿದ್ದರೆ ಅದು ಜಾರುತ್ತದೆ. ರೇ ಜಾರ್ಡಿನ್ ರೂಪಿಸಿದ ‘ಫ್ರೆಂಡ್’ ಎಂಬ ಸ್ಪ್ರಿಂಗ್ ಸಾಧನ 1978ರಲ್ಲಿ ಇಂಗ್ಲೆಂಡಿನ ವೈಲ್ಡ್ ಕಂಟ್ರಿ ಕಂಪನಿಯಿಂದ ಮಾರುಕಟ್ಟೆಗೆ ಬಂತು. ಬಂದೂಕಿನ ಕುದುರೆಯಂಥ ಅದರ ಹಿಡಿಯನ್ನು ಎಳೆದಾಗ ಬಾಗಿದ ದಳಗಳು ಮುದುಡುತ್ತವೆ, ಬಿಟ್ಟಾಗ ಅರಳಿ ಸಮಾಂತರ ಸೀಳಿನಲ್ಲೂ ಕಚ್ಚುತ್ತವೆ. ದೊಡ್ಡ ಹೆಕ್ಸೆಂಟ್ರಿಕ್‌ಗಳನ್ನು ಹೊರುವವರು ಅಂದಿನಿಂದ ಕಡಿಮೆಯಾದರು. ಶುಯಿನಾರ್ಡ್ ಇಕ್ವಿಪ್‌ಮೆಂಟ್ ತನ್ನ ಕೊನೆಯ ವರ್ಷಗಳಲ್ಲಿ ದಳಗಳು ತಿರುಗುವ ಆಕ್ಸಲ್ ಒಂದರ ಬದಲು ಎರಡು ಇರುವ ‘ಕ್ಯಾಮಲಾಟ್’ ತಂದಿತು. ಎರಡು ಆಕ್ಸಲ್‌ಗಳಿದ್ದರೆ ಒಂದೇ ಸಾಧನ ಹೆಚ್ಚು ವ್ಯತ್ಯಾಸವಿರುವ ಸೀಳುಗಳಿಗೆ ಹೊಂದುತ್ತದೆ. ಬ್ಲ್ಯಾಕ್ ಡೈಮಂಡಿಗೆ ಹೆಸರು ತಂದದ್ದರಲ್ಲಿ ಇದರ ಪಾಲು ದೊಡ್ಡದು, ಜೊತೆಗೆ ಹಿಮದ ಮೇಲಿನ ಸ್ಕೀ ಸಲಕರಣೆ ಮತ್ತು ಡೇರೆಗಳಿಗೂ ಅದು ಕೈಹಾಕಿತು. ಹಾಗಾಗಿ ಖಾತೆಕಿರ್ದಿಯವರೇ, ಕಬ್ಬಿಣದ ಕಸುಬು ಬದಲಾಗಲೇ ಇಲ್ಲ ಎಂಬ ನಿಮ್ಮ ಮಾತು ಅಷ್ಟು ಸರಿಯಲ್ಲ. ಬಡಿಯುವ ಕಮ್ಮಾರಿಕೆಯಿಂದ ಕೊರೆಯುವ ಯಂತ್ರಗಳಿಗೆ, ಅಲ್ಲಿಂದ ಚಲಿಸುವ ಭಾಗಗಳಿರುವ ನಿಖರ ತಯಾರಿಕೆಗೆ ಅದು ಸಾಗಿತು.

ಪಿಟನ್ ‘ಬಿಟ್ಟುಬಿಟ್ಟರು’ ಎಂಬ ಮಾತನ್ನೂ ಸ್ವಲ್ಪ ತಿದ್ದಬೇಕು. 1972ರ ಆ ಬೆಲೆಪಟ್ಟಿಯಲ್ಲೇ ಪಿಟನ್‌ಗಳೂ ಮಾರಾಟಕ್ಕಿದ್ದವು. ಕೈಯಿಂದ ಕೂರಿಸುವ ಯಾವ ಸಾಧನವೂ ಹೋಗದಷ್ಟು ತೆಳುವಾದ ಸೀಳುಗಳಿಗೆ, ಚಳಿಗಾಲದಲ್ಲಿ ಹಿಮಗಟ್ಟಿದ ಬಿರುಕುಗಳಿಗೆ ಅವು ಇಂದಿಗೂ ಬೇಕು. ಶುಯಿನಾರ್ಡ್ ಕಾಲದ ‘ಲಾಸ್ಟ್ ಆ್ಯರೋ’, ‘ಬುಗಾಬೂ’ ಮತ್ತು ‘ನೈಫ್‌ಬ್ಲೇಡ್’ ಮಾದರಿಗಳನ್ನು ಬ್ಲ್ಯಾಕ್ ಡೈಮಂಡ್ ಅದೇ ಹೆಸರಿನಲ್ಲಿ, ಅದೇ ಕ್ರೋಮ್ ಮಾಲಿಬ್ಡಿನಮ್ ಉಕ್ಕಿನಲ್ಲಿ ಮಾರುತ್ತ ಬಂದಿದೆ.